ಫಿಲ್ಮ್ ಸ್ಕೂಲ್‌ಗೆ ಹೊರಟಿದ್ದೀನಿ, ಸ್ವಂತ ಕ್ಯಾಮೆರಾ ಇಲ್ದೆ ಆಗಲ್ವಾ ಅಕ್ಕ?

ಪ್ರಶ್ನೆ: ನಮಸ್ಕಾರ ಅಕ್ಕ. ನಮ್ದು ಕೊಟ್ಟಿಗೆಹಾರದ ಹತ್ರ ಒಂದು ಹಳ್ಳಿ, ಮೂಡಿಗೆರೆಲಿ ಬಿಕಾಂ ಮುಗಿಸಿದೀನಿ. ಬೆಂಗಳೂರಿನ ಒಂದು ಪ್ರೈವೇಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಎರಡು ವರ್ಷದ ಡೈರೆಕ್ಷನ್ ಡಿಪ್ಲೊಮಾಗೆ ಸೀಟ್ ಸಿಕ್ಕಿದೆ, ಅಡ್ವಾನ್ಸ್ ಕಟ್ಟಾಗಿದೆ, ಆಗಸ್ಟ್‌ನಲ್ಲಿ ಕ್ಲಾಸ್ ಶುರು. ಅಪ್ಪನಿಗೆ ಇರೋದು ಮೂರು ಎಕರೆ ಕಾಫಿ ತೋಟ. ಅಲ್ಲಿನ ಸೀನಿಯರ್ ಒಬ್ರು ಸ್ವಂತ ಕ್ಯಾಮೆರಾ ಇಲ್ಲ ಅಂದ್ರೆ ಎರಡು ವರ್ಷ ವೇಸ್ಟ್ ಅಂದ್ರು, ಒಂದೂವರೆ ಲಕ್ಷದ್ದೊಂದು ತೋರ್ಸಿದ್ರು, ಅಮ್ಮ ಬಳೆ ಅಡ ಇಡ್ತೀನಿ ಅಂತಿದ್ದಾರೆ. ಮಾವ ಮಾತ್ರ ಇದೆಲ್ಲ ದಂಡ, ಸೀದಾ ಯಾರಾದ್ರೂ ಡೈರೆಕ್ಟರ್ ಹತ್ರ ಅಸಿಸ್ಟೆಂಟ್ ಆಗಿ ಸೇರ್ಕೋ ಅಂತಾರೆ. ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಓರಿಯೆಂಟೇಷನ್ ದಿನ ಉಳಿದವರೆಲ್ಲ ಯಾವ್ಯಾವುದೋ ಫಾರಿನ್ ಡೈರೆಕ್ಟರ್ ಹೆಸರು ಹೇಳ್ತಿದ್ರು, ನಾನು ಸುಮ್ನೆ ತಲೆ ಆಡಿಸ್ಕೊಂಡು ನಿಂತಿದ್ದೆ. ರಾತ್ರಿ ಶೂಟಿಂಗ್ ಅಂದ್ರೆ ಅಪ್ಪನಿಗೆ ಭಯ ಬೇರೆ. ಈ ಎರಡು ವರ್ಷನ ಪೂರ್ತಿ ಉಪಯೋಗಿಸ್ಕೊಳ್ಳೋದು ಹೇಗೆ? ಹೋಗುವಾಗ ಏನೇನು ತಗೊಂಡು ಹೋಗ್ಲಿ?
(ಹೆಸರು ಬೇಡ, ಮೂಡಿಗೆರೆ ತಾಲ್ಲೂಕು)

ಉತ್ತರ: ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಹಾಸನದವಳು, ಹದಿನೆಂಟು ವರ್ಷದಿಂದ ಎಡಿಟರ್, ವರ್ಷಕ್ಕೊಂದು ಟರ್ಮ್ ಪಾಠಾನೂ ಮಾಡ್ತೀನಿ. ಎಡಿಟರ್ ಅಂದ್ರೆ ಏನು ಗೊತ್ತಾ, ಸೆಟ್‌ನಲ್ಲಿ ಯಾರ್ಯಾರು ಏನೇನು ತಪ್ಪು ಮಾಡಿ ಮುಚ್ಚಿಟ್ಟಿದ್ದಾರೋ ಅದೆಲ್ಲ ಕೊನೆಗೆ ನನ್ನ ಟೇಬಲ್‌ಗೇ ಬಂದು ಬೀಳುತ್ತೆ. ಆ ಕಡೆಯಿಂದ ಕಂಡಿದ್ದನ್ನೇ ಹೇಳ್ತೀನಿ.

ಮೊದಲನೇದಾಗಿ ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರ್ಲಿ.

ಆ ಸೀನಿಯರ್ ಪೂರ್ತಿ ಸುಳ್ಳು ಹೇಳಿದ್ರು ಅಂತ ಅಲ್ಲ. ಎಷ್ಟೋ ಪ್ರೈವೇಟ್ ಸ್ಕೂಲ್‌ಗಳಲ್ಲಿ ಇಡೀ ಬ್ಯಾಚ್‌ಗೆ ಒಂದೋ ಎರಡೋ ಕ್ಯಾಮೆರಾ ಇರುತ್ತೆ, ಅದಕ್ಕೆ ಕ್ಯೂ, ಸ್ಟೋರ್ ಕೀ ಇಟ್ಕೊಂಡಿರೋರು ಆ ದಿನ ರಜಾ, ಹೀಗೆಲ್ಲ ಆಗಿ ಮಕ್ಕಳು ಸಿಟ್ಟಿಗೆದ್ದು ಸ್ವಂತದ್ದು ತಗೋತಾರೆ. ಹಾಗೆ ತಗೊಂಡವರನ್ನ ಎಲ್ರೂ ಶೂಟಿಂಗ್‌ಗೆ ಕರೀತಾರೆ ಅನ್ನೋದೂ ನಿಜ. ಆದ್ರೆ ಅವರು ಕರೀತಿರೋದು ನಿನ್ನನ್ನಲ್ಲ ಕಣಮ್ಮ, ನಿನ್ನ ಕ್ಯಾಮೆರಾನ. ಡೈರೆಕ್ಷನ್ ಕಲಿಯೋಕೆ ಹೋದವಳು ಎರಡು ವರ್ಷ ಅವರಿವರ ಫಿಲ್ಮ್‌ಗೆ ಬ್ಯಾಟರಿ ಚಾರ್ಜ್ ಮಾಡ್ಕೊಂಡು ಕೂತ್ಕೋತೀಯ. ಒಂದೂವರೆ ಲಕ್ಷ ಅಂದಿದ್ದು ಬರೀ ಬಾಡಿಗೋ ಲೆನ್ಸೂ ಸೇರಿಯೋ ಕೇಳಿದ್ಯಾ? ಲೆನ್ಸು, ಕಾರ್ಡು, ಎಕ್ಸ್‌ಟ್ರಾ ಬ್ಯಾಟರಿ, ಟ್ರೈಪಾಡು, ಮೈಕು ಅಂತ ಬಿಲ್ ಬೆಳೀತಾನೇ ಹೋಗುತ್ತೆ, ನೀನು ಎರಡನೇ ವರ್ಷಕ್ಕೆ ಬರೋ ಹೊತ್ತಿಗೆ ಹೊಸ ಮಾಡೆಲ್ ಬಂದು ಇದರ ಬೆಲೆ ಬಿದ್ದಿರುತ್ತೆ.

ಅದರ ಬದಲು ಉಳಿದ ಫೀಸ್ ಕಟ್ಟೋಕೆ ಮುಂಚೆ ಸ್ಕೂಲಿನವರಿಗೆ ಒಂದು ಮೇಲ್ ಹಾಕು. ಬ್ಯಾಚ್‌ನಲ್ಲಿ ಎಷ್ಟು ಜನ, ಕ್ಯಾಮೆರಾ ಎಷ್ಟು, ಒಬ್ಬೊಬ್ಬರಿಗೆ ವರ್ಷಕ್ಕೆ ಎಷ್ಟು ದಿನ ಶೂಟಿಂಗ್ ಸಿಗುತ್ತೆ, ಎಕ್ವಿಪ್‌ಮೆಂಟ್ ಕ್ಯಾಂಪಸ್ ಹೊರಗೆ ಕೊಡ್ತಾರಾ, ಡಿಪ್ಲೊಮಾ ಫಿಲ್ಮ್ ಖರ್ಚು ಯಾರದ್ದು. ಉತ್ತರ ಬರವಣಿಗೆಯಲ್ಲೇ ಬರ್ಲಿ. ಫೋನಲ್ಲಿ ಎಲ್ಲಾ ಇದೆ ಮೇಡಂ ಅಂತಾರೆ, ಹೋಗಿ ನೋಡಿದ್ರೆ ಸ್ಟುಡಿಯೋ ಅಂತ ಇರೋದು ಹಸಿರು ಬಣ್ಣ ಬಳಿದ ಒಂದು ಗೋಡೆ.

ಕ್ಯಾಮೆರಾ ಇಲ್ದೆ ಕಲಿಯೋಕೆ ಆಗಲ್ಲ ಅನ್ನೋದಂತೂ ಸಿನಿಮಾ ಸ್ಕೂಲಿನ ಚರಿತ್ರೆಯನ್ನೇ ಮರೆತವರ ಮಾತು. ಜಗತ್ತಿನ ಮೊದಲನೇ ಫಿಲ್ಮ್ ಸ್ಕೂಲ್ ಅಂತ ಕರೆಸ್ಕೊಳ್ಳೋದು ಮಾಸ್ಕೋದಲ್ಲಿ 1919ರಲ್ಲಿ ಶುರುವಾಗಿದ್ದು. ಕ್ರಾಂತಿ, ಯುದ್ಧ ಎಲ್ಲ ನಡೀತಿದ್ದ ಕಾಲ, ಕಚ್ಚಾ ಫಿಲ್ಮೇ ಸಿಗ್ತಿರ್ಲಿಲ್ಲ. ಕುಲೆಶೊವ್ ಅಂತ ಮೇಷ್ಟ್ರು ತನ್ನ ಹುಡುಗರಿಂದ ಫಿಲ್ಮ್ ಇಲ್ಲದ ಫಿಲ್ಮ್ ಮಾಡಿಸಿದ್ರು, ಅಂದ್ರೆ ಶಾಟ್ ಶಾಟ್ ಆಗಿ ಪ್ಲಾನ್ ಮಾಡಿ ಸ್ಟೇಜ್ ಮೇಲೆ ಆಡಿ ತೋರಿಸೋದು, ಜೊತೆಗೆ ಹಳೇ ಸಿನಿಮಾದ ತುಂಡುಗಳನ್ನ ಬೇರೆ ಬೇರೆ ಥರ ಜೋಡಿಸಿ ನೋಡೋದು. ಒಂದೇ ಮುಖದ ಶಾಟ್ ಪಕ್ಕ ಒಂದ್ಸಲ ಊಟದ ತಟ್ಟೆ, ಇನ್ನೊಂದ್ಸಲ ಶವಪೆಟ್ಟಿಗೆ ಇಟ್ರೆ ನೋಡೋರಿಗೆ ಆ ಮುಖದಲ್ಲಿ ಒಮ್ಮೆ ಹಸಿವು ಒಮ್ಮೆ ದುಃಖ ಕಾಣುತ್ತೆ ಅಂತ ಕಂಡ್ಕೊಂಡಿದ್ದು ಆ ಕಾಲದಲ್ಲೇ. ಇವತ್ತಿಗೂ ನಮ್ಮ ಕೆಲಸದ ಅಡಿಪಾಯ ಅದು. ನೀನು ಇದನ್ನ ಇವತ್ತು ಸಂಜೆನೇ ಫೋನಲ್ಲಿ ಮಾಡಿ ನೋಡಬಹುದು, ಅಪ್ಪ ಜಗಲಿ ಮೇಲೆ ಸುಮ್ನೆ ಕೂತಿರೋದು ಒಂದು ಶಾಟ್, ಪಕ್ಕ ಖಾಲಿ ಕಾಫಿ ಕಣ, ಆಮೇಲೆ ಅದೇ ಅಪ್ಪನ ಶಾಟ್ ಪಕ್ಕ ನಿನ್ನ ಪ್ಯಾಕ್ ಆಗಿರೋ ಬ್ಯಾಗು. ಅಪ್ಪ ಏನೂ ಆಕ್ಟ್ ಮಾಡಿರಲ್ಲ, ಅರ್ಥ ಮಾತ್ರ ಬದಲಾಗಿರುತ್ತೆ.

ಫೋನಲ್ಲಿ ತೆಗೆಯುವಾಗ ಎಕ್ಸ್‌ಪೋಷರ್ ಲಾಕ್ ಮಾಡು, ಅಂದ್ರೆ ಬೆಳಕು ತನ್ನಷ್ಟಕ್ಕೆ ಹೆಚ್ಚು ಕಡಿಮೆ ಆಗದ ಹಾಗೆ, ಮ್ಯಾನುಯಲ್ ಕಂಟ್ರೋಲ್ ಇರೋ ಆ್ಯಪ್ ಇದ್ರೆ ಶಟರ್, ಅಂದ್ರೆ ಒಂದೊಂದು ಫ್ರೇಮ್‌ಗೆ ಬೆಳಕು ಬಿಡೋ ಹೊತ್ತು, ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಇಡು. ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತೆ, ಶಟರ್ ಅದಕ್ಕೆ ಹೊಂದಿಲ್ಲ ಅಂದ್ರೆ ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದೆಲ್ಲ ಪಟಪಟ ಅನ್ನುತ್ತೆ. ಇಷ್ಟು ಗೊತ್ತಿಲ್ದೆ ಲಕ್ಷದ ಕ್ಯಾಮೆರಾ ಹಿಡಿದವರ ಫುಟೇಜ್ ನನ್ನ ಹತ್ರ ಬಂದಿದೆ.

ಇನ್ನು ಮಾವನ ಮಾತು. ಅದನ್ನ ತಳ್ಳಿಹಾಕಬೇಡ, ಅರ್ಧ ಗಾಂಧಿನಗರ ಹಾಗೇ ಬೆಳೆದಿರೋದು. ಅಸಿಸ್ಟೆಂಟ್ ಆಗಿ ಸೇರಿದ್ರೆ ಶೆಡ್ಯೂಲ್ ಹಾಕೋದು, ಆರ್ಟಿಸ್ಟ್ ಲೇಟಾದಾಗ ದಿನ ಉಳಿಸೋದು, ಮಳೆ ಬಂದ್ರೆ ಯಾವ ಸೀನ್ ಒಳಗೆ ತಗೋಬಹುದು ಅಂತ ಲೆಕ್ಕ ಹಾಕೋದು, ಜನರನ್ನ ಸಂಭಾಳಿಸೋದು ಎಲ್ಲ ಬರುತ್ತೆ, ಬಾಟಾ ಅಂತ ದಿನದ ಖರ್ಚಿನ ದುಡ್ಡೂ ಸಿಗುತ್ತೆ, ಸಿಕ್ಕಿದ್ರೆ. ಆದ್ರೆ ಅಲ್ಲಿ ನೀನು ನೋಡೋದೆಲ್ಲ ಬೇರೆಯವರು ತಗೊಂಡ ನಿರ್ಧಾರ. ಮೂರು ವರ್ಷ ಕ್ಲ್ಯಾಪ್ ಹೊಡೆದು ಕಂಟಿನ್ಯುಟಿ, ಅಂದ್ರೆ ಶಾಟ್‌ನಿಂದ ಶಾಟ್‌ಗೆ ಬಟ್ಟೆ ಸಾಮಾನು ಹೊಂದೋ ಲೆಕ್ಕ, ಬರ್ಕೊಂಡು ಆದಮೇಲೂ ಒಂದು ಸೀನ್‌ನ ತಾನೇ ಶಾಟ್‌ಗಳಾಗಿ ಹೇಗೆ ಒಡೀಬೇಕು ಅಂತ ಗೊತ್ತಿಲ್ದೆ ಇರೋ ಕೋ-ಡೈರೆಕ್ಟರ್‌ಗಳನ್ನ ನಾನು ನೋಡಿದೀನಿ, ಅವರದ್ದು ತಪ್ಪಲ್ಲ, ಯಾರೂ ಅವರ ಕೈಗೆ ಕೊಟ್ಟೇ ಇಲ್ಲ. ಸ್ಕೂಲಲ್ಲಿ ನೀನೇ ಒಂದು ಕೆಟ್ಟ ಫಿಲ್ಮ್ ಮಾಡಬಹುದು, ಹದಿನೈದು ಜನ ಅದನ್ನ ಕೂತು ನೋಡಿ ಮುಖಕ್ಕೇ ಹೇಳ್ತಾರೆ, ಮುಂದಿನ ತಿಂಗಳು ಇನ್ನೊಂದು ಮಾಡಬಹುದು. ಹೊರಗೆ ಮೊದಲನೇ ಕೆಟ್ಟ ಫಿಲ್ಮ್‌ಗೆ ಯಾರದ್ದೋ ಕೋಟಿ ಹೋಗಿರುತ್ತೆ, ಎರಡನೇದು ಸಿಗೋದೇ ಇಲ್ಲ. ನೀನು ಫೀಸ್ ಕಟ್ತಿರೋದು ಈ ಒಂದು ಅನುಕೂಲಕ್ಕೆ ಅಂತ ತಿಳ್ಕೋ.

ಬಿಕಾಂ ಓದಿ ಇದಕ್ಕೆ ಹೋಗೋದಾ ಅಂತ ಮಾವ ಕೇಳಿದ್ರೆ ಗಿರೀಶ್ ಕಾಸರವಳ್ಳಿಯವರ ಹೆಸರು ಹೇಳು. ತೀರ್ಥಹಳ್ಳಿ ಕಡೆಯವರು, ಮಣಿಪಾಲದಲ್ಲಿ ಬಿ.ಫಾರ್ಮ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದವರು. ವಿ.ಕೆ. ಮೂರ್ತಿಯವರು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು ಹೋದವರು, ಕ್ಯಾಮೆರಾಮನ್ ಒಬ್ಬರಿಗೆ ಫಾಲ್ಕೆ ಪ್ರಶಸ್ತಿ ಮೊದಲು ಬಂದಿದ್ದು ಅವರಿಗೇ, 2008ನೇ ಸಾಲಿಂದು. ಆ ಪಾಲಿಟೆಕ್ನಿಕ್‌ನ ಸಿನಿಮಾ ಕೋರ್ಸ್‌ಗಳೇ ಆಮೇಲೆ ಹೆಸರಘಟ್ಟದ ಸರ್ಕಾರಿ ಇನ್‌ಸ್ಟಿಟ್ಯೂಟ್ ಆಗಿದ್ದು.

ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಮಾವನ ಪಾರ್ಟಿ. ಹದಿನೆಂಟು ವರ್ಷದಲ್ಲಿ ಒಬ್ಬ ಪ್ರೊಡ್ಯೂಸರೂ ನನ್ನ ಸರ್ಟಿಫಿಕೇಟ್ ಕೇಳಿಲ್ಲ, ಏನು ಕಟ್ ಮಾಡಿದ್ದೀಯ ತೋರ್ಸು ಅಂತಾರೆ ಅಷ್ಟೇ. ಸರ್ಟಿಫಿಕೇಟ್ ಬೇಕಾಗೋದು ಬ್ಯಾಂಕಿಗೆ. ಎಜುಕೇಷನ್ ಲೋನ್ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡ ಇಡದೇ ಸಿಗುತ್ತೆ, ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸೈನ್ ಹಾಕಬೇಕು, ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಆದ್ರೆ ಕೋರ್ಸ್‌ಗೆ ಸರ್ಕಾರದ್ದೋ ಯೂನಿವರ್ಸಿಟಿದೋ ಮಾನ್ಯತೆ ಇರಬೇಕು, ತನ್ನದೇ ಲೆಟರ್‌ಹೆಡ್‌ನಲ್ಲಿ ಡಿಪ್ಲೊಮಾ ಕೊಡೋ ಸ್ಕೂಲ್‌ಗೆ ಮ್ಯಾನೇಜರ್ ತಲೆ ಅಲ್ಲಾಡಿಸಿ ಕಳಿಸಿಬಿಡ್ತಾರೆ. ಅದಕ್ಕೇ ಮೇಲ್‌ನಲ್ಲಿ ಅಫಿಲಿಯೇಷನ್ ಪೇಪರ್ ಕಾಪಿನೂ ಕೇಳು, ಮೂಡಿಗೆರೆ ಬ್ಯಾಂಕಿಗೆ ಅದನ್ನ ತಗೊಂಡು ಹೋಗಿ ತೋರ್ಸು. ಲೋನ್ ಸಿಕ್ತು, ಕ್ಯಾಮೆರಾ ಬಗ್ಗೆ ಉತ್ತರಾನೂ ಸರಿ ಇದೆ ಅಂದ್ರೆ ಹೋಗು, ಯೋಚನೆ ಮಾಡ್ಬೇಡ.

ಪೇಪರ್ ಕೊಡಲ್ಲ ಅಂದ್ರೆ, ಫೀಸ್‌ಗೋಸ್ಕರ ತೋಟಾನೇ ಅಡ ಇಡಬೇಕಾದ ಪರಿಸ್ಥಿತಿ ಬಂದ್ರೆ, ನಿಂತ್ಕೋ. ಅಡ್ವಾನ್ಸ್ ಹೋದ್ರೆ ಹೋಗ್ಲಿ, ಹೊಟ್ಟೆ ಉರಿಯುತ್ತೆ, ಆದ್ರೆ ಒಂದು ವರ್ಷ ಕಾಫಿ ಹೂ ಅರಳಿಸೋ ಹೂಮಳೆ ಕೈ ಕೊಟ್ರೆ ಮೂರು ಎಕರೆಯ ಲೆಕ್ಕ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಡಿಗ್ರಿ ಮುಗಿಸಿರೋದ್ರಿಂದ ಪುಣೆಯ ಎಫ್‌ಟಿಐಐ, ಕೋಲ್ಕತ್ತಾದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ ಎರಡಕ್ಕೂ ಎಂಟ್ರೆನ್ಸ್ ಬರೀಬಹುದು, ಯಾವ ಡಿಗ್ರಿ ಆದ್ರೂ ನಡೆಯುತ್ತೆ. ಸೀಟು ಕಡಿಮೆ, ದೇಶದ ಎಲ್ಲಾ ಕಡೆಯಿಂದ ಬರೀತಾರೆ, ಒಂದು ವರ್ಷ ಕಾದು ಸಿಗದೇ ಹೋಗೋ ರಿಸ್ಕ್ ಇದ್ದೇ ಇದೆ. ಆ ಒಂದು ವರ್ಷ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಮದುವೆ ವಿಡಿಯೋ ಮಾಡೋ ಸ್ಟುಡಿಯೋದಲ್ಲಿ ಎಡಿಟಿಂಗ್‌ಗೆ ಕೂತ್ಕೋ. ನಗಬೇಡ. ಆರು ಗಂಟೆ ಧಾರೆ ಫುಟೇಜ್‌ನ ಇಪ್ಪತ್ತು ನಿಮಿಷಕ್ಕೆ ಇಳಿಸಿ, ಬೀಗರು ಬೇಜಾರಾಗದ ಹಾಗೆ ಎಲ್ಲರ ಮುಖಾನೂ ಉಳಿಸೋದು ಇದೆಯಲ್ಲ, ಅಷ್ಟು ಕಷ್ಟದ ಎಕ್ಸರ್‌ಸೈಜ್ ನಾನು ಕ್ಲಾಸಲ್ಲೂ ಕೊಟ್ಟಿಲ್ಲ.

ಇಂಗ್ಲಿಷ್, ಫಾರಿನ್ ಸಿನಿಮಾ ಭಯಕ್ಕೆ ಬರೋಣ. ಹೆಗ್ಗೋಡಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆಯವರು 1973ರಲ್ಲೇ ಚಿತ್ರಸಮಾಜ, ಅಂದ್ರೆ ಫಿಲ್ಮ್ ಸೊಸೈಟಿ, ಮಾಡಿದ್ರು, ಅಡಿಕೆ ತೋಟದ ಜನಕ್ಕೆ ಜಗತ್ತಿನ ಬೇರೆ ಬೇರೆ ದೇಶದ ಸಿನಿಮಾ ತೋರ್ಸಿದ್ರು. ಸಬ್‌ಟೈಟಲ್ ಓದಕ್ಕೆ ಬರದೇ ಇದ್ದವರೂ ಬಂದು ಕೂತು ನೋಡಿ ಚರ್ಚೆ ಮಾಡಿದ್ರು. ಶಾಟ್‌ಗೆ ಭಾಷೆ ಬೇಡ. ಓರಿಯೆಂಟೇಷನ್ ದಿನ ಹೆಸರು ಉದುರಿಸ್ತಿದ್ದವರಲ್ಲಿ ಅರ್ಧ ಜನ ಅದನ್ನ ಮೊಬೈಲಲ್ಲಿ ಓಡಿಸಿ ಓಡಿಸಿ ನೋಡಿರ್ತಾರೆ, ಇನ್ನರ್ಧ ಜನ ನಿನ್ನ ಹಾಗೇ ಹೆದರ್ಕೊಂಡೇ ಹೇಳ್ತಿರ್ತಾರೆ. ಕ್ಲಾಸಲ್ಲಿ ಬಳಕೆಯಾಗೋ ಟೆಕ್ನಿಕಲ್ ಪದ ಎಲ್ಲಾ ಸೇರಿದ್ರೂ ಒಂದು ಸಣ್ಣ ನೋಟ್‌ಬುಕ್ ತುಂಬಲ್ಲ, ಬಿಕಾಂನಲ್ಲಿ ಅಕೌಂಟೆನ್ಸಿ ಪದ ಕಲಿತವಳಿಗೆ ಅದೆಷ್ಟರದ್ದು. ಅರ್ಥ ಆಗದಿದ್ರೆ ಆಗ್ಲಿಲ್ಲ ಅಂತ ಅಲ್ಲೇ ಕೇಳು, ಕನ್ನಡದಲ್ಲೇ ಕೇಳು. ತಲೆ ಆಡಿಸೋ ಅಭ್ಯಾಸ ಒಂದನ್ನ ಮಾತ್ರ ಊರಲ್ಲೇ ಬಿಟ್ಟು ಹೋಗು.

ಸಿನಿಮಾ ನೋಡೋದಕ್ಕೆ ನಾನು ಹುಡುಗರಿಗೆ ಹೇಳೋ ಒಂದು ಕ್ರಮ ಇದೆ. ನಿನಗೆ ಇಷ್ಟವಾದ ಒಂದೇ ಒಂದು ಸಿನಿಮಾ ತಗೋ, ಕನ್ನಡದ್ದೇ ಆಗ್ಲಿ, ಮೊದಲನೇ ಸಲ ಸುಮ್ನೆ ನೋಡು. ಎರಡನೇ ಸಲ ಸೌಂಡ್ ಮ್ಯೂಟ್. ಮೂರನೇ ಸಲ ಸ್ಕ್ರೀನ್‌ಗೆ ಬೆನ್ನು ಹಾಕಿ ಕೂತು ಬರೀ ಕೇಳು. ಆಮೇಲೆ ಒಂದು ಸೀನ್ ಆರಿಸ್ಕೊಂಡು ಎಷ್ಟು ಶಾಟ್ ಇದೆ, ಪ್ರತಿ ಶಾಟ್ ಎಲ್ಲಿ ಯಾಕೆ ಕಟ್ ಆಯ್ತು ಅಂತ ಪೇಪರ್ ಮೇಲೆ ಬರಿ. ಹೀಗೆ ಹತ್ತು ಸಿನಿಮಾ ನೋಡಿದವಳು ಇನ್ನೂರು ನೋಡಿದವನಿಗಿಂತ ಮುಂದೆ ಇರ್ತಾಳೆ, ನಾನು ಬರೆದು ಕೊಡ್ತೀನಿ.

ಈಗ ನೀನು ಕೇಳಿದ ದೊಡ್ಡ ಪ್ರಶ್ನೆ, ಎರಡು ವರ್ಷನ ಹೇಗೆ ಬಳಸೋದು. ಲೆಕ್ಕ ಹಾಕು, ನಿನ್ನದು ಅಂತ ಎಷ್ಟು ಫಿಲ್ಮ್ ಮಾಡ್ತೀಯ, ನಾಲ್ಕು, ಹೆಚ್ಚಂದ್ರೆ ಐದು. ಬ್ಯಾಚ್‌ನಲ್ಲಿ ಇಪ್ಪತ್ತು ಜನ ಇದ್ರೆ ಉಳಿದವರದ್ದು ಎಪ್ಪತ್ತು ಎಂಬತ್ತು ಫಿಲ್ಮ್ ನಿನ್ನ ಕಣ್ಣ ಮುಂದೆ ಆಗ್ತಿರುತ್ತೆ. ಎಷ್ಟೋ ಮಕ್ಕಳು ತಮ್ಮದು ಬಂದಾಗ ನಿದ್ದೆ ಬಿಟ್ಟು ದುಡೀತಾರೆ, ಬೇರೆಯವರದ್ದು ಬಂದಾಗ ಜ್ವರ ಅಂತಾರೆ. ನೀನು ಉಲ್ಟಾ ಮಾಡು. ಒಬ್ಬರದ್ದಕ್ಕೆ ಬೂಮ್, ಅಂದ್ರೆ ಮೈಕ್ ಕಟ್ಟಿದ ಕೋಲು, ಹಿಡಿ, ಇನ್ನೊಬ್ಬರದ್ದಕ್ಕೆ ಬೆಳಕು ತಿರುಗಿಸೋ ಥರ್ಮೋಕೋಲ್ ಹಿಡ್ಕೊಂಡು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲು, ಮತ್ತೊಬ್ಬರಿಗೆ ಪ್ರೊಡಕ್ಷನ್ ನೋಡ್ಕೋ, ಊಟ ಟೈಮಿಗೆ ಬಂದಿಲ್ಲ ಅಂದ್ರೆ ಯೂನಿಟ್ ಮೂಡ್ ಹೇಗೆ ಕೆಡುತ್ತೆ ಅನ್ನೋದನ್ನ ಯಾವ ಮೇಷ್ಟ್ರೂ ಹೇಳ್ಕೊಡಲ್ಲ. ಬಿಕಾಂ ಓದಿದ್ದೀಯ, ಬಜೆಟ್ ಶೀಟ್ ಹಾಕೋಕೆ ಬರುತ್ತೆ, ಮೊದಲ ತಿಂಗಳಲ್ಲೇ ಎಲ್ರಿಗೂ ನೀನು ಬೇಕಾಗ್ತೀಯ ನೋಡು. ನನ್ನ ಮೊದಲನೇ ದುಡ್ಡು ಬಂದ ಕೆಲಸ ಕೊಟ್ಟಿದ್ದು ಮೇಷ್ಟ್ರಲ್ಲ, ಎರಡನೇ ಸೆಮಿಸ್ಟರ್‌ನಲ್ಲಿ ನಾನು ಯಾರ ಫಿಲ್ಮ್‌ಗೆ ಕಂಟಿನ್ಯುಟಿ ಬರೆದಿದ್ದೆನೋ ಅವನು. ಆರು ವರ್ಷ ಆದಮೇಲೆ ಫೋನ್ ಮಾಡಿ, ನೀನು ಬರೆದಿದ್ದು ನೀಟಾಗಿತ್ತು ಅಂದ.

ಅದರಲ್ಲೂ ಎಡಿಟಿಂಗ್ ಟೇಬಲ್ ಹತ್ರ ಕೂತ್ಕೋ. ಸ್ವಾರ್ಥಕ್ಕೆ ಹೇಳ್ತಿಲ್ಲ. ಡೈರೆಕ್ಷನ್ ತಪ್ಪೆಲ್ಲ ಗೊತ್ತಾಗೋದು ಅಲ್ಲಿ. ಹೊಸಬರ ಫುಟೇಜ್‌ನಲ್ಲಿ ಪ್ರತಿ ವರ್ಷ ಅವೇ ತಪ್ಪು: ಆಕ್ಷನ್ ಅಂದ ತಕ್ಷಣ ಮಾತು ಶುರು, ಮಾತು ಮುಗಿದ ತಕ್ಷಣ ಕಟ್, ಹಿಂದೆ ಮುಂದೆ ಉಸಿರಾಡೋಕೆ ಜಾಗ ಇಲ್ಲ. ಆಕ್ಷನ್‌ಗೆ ಮುಂಚೆ ಐದು ಸೆಕೆಂಡ್, ಮುಗಿದಮೇಲೆ ಐದು ಸೆಕೆಂಡ್ ಕ್ಯಾಮೆರಾ ಓಡ್ತಾ ಇರ್ಲಿ, ಎಷ್ಟೋ ಸಲ ಒಳ್ಳೇ ಮುಖ ಸಿಗೋದು ಕಟ್ ಹೇಳೋಕೆ ಮುಂಚಿನ ಆ ಮೌನದಲ್ಲಿ. ಫ್ರೇಮ್ ಒಳಗೆ ಬರೋದು, ಹೊರಗೆ ಹೋಗೋದು ಎರಡನ್ನೂ ಪೂರ್ತಿ ತೆಗಿ. ಲೊಕೇಷನ್ ಬಿಡೋಕೆ ಮುಂಚೆ ಎಲ್ಲರನ್ನೂ ಸುಮ್ನಿರಿಸಿ ಒಂದು ನಿಮಿಷ ಆ ಜಾಗದ ಸೌಂಡ್ ರೆಕಾರ್ಡ್ ಮಾಡು, ರೂಮ್ ಟೋನ್ ಅಂತಾರೆ, ಅದಿಲ್ಲ ಅಂದ್ರೆ ಡೈಲಾಗ್ ಮಧ್ಯದ ತೂತು ಮುಚ್ಚೋಕೆ ನಾನು ಒದ್ದಾಡ್ತೀನಿ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಫ್ರೀ ವರ್ಷನ್ ಸಾಕು ಕಲಿಯೋಕೆ. ನಿನ್ನ ಮೊದಲನೇ ಫಿಲ್ಮ್ ನೀನೇ ಎಡಿಟ್ ಮಾಡು, ಎರಡನೇದನ್ನ ಮಾತ್ರ ಬೇರೆಯವರಿಗೆ ಕೊಡು, ಮಳೆಯಲ್ಲಿ ನೆನೆದು ಕಷ್ಟಪಟ್ಟು ತೆಗೆದ ಶಾಟ್‌ನ ಅವರು ಕಿತ್ತು ಬಿಸಾಕ್ತಾರೆ, ಜಗಳ ಆಡು, ಆಮೇಲೆ ಆ ಶಾಟ್ ಇಲ್ಲದೇನೇ ಒಂದ್ಸಲ ನೋಡು.

ಕಥೆ ಬಗ್ಗೆ ಒಂದು ಮಾತು. ಮೊದಲನೇ ವರ್ಷದ ಫಿಲ್ಮ್‌ಗಳಲ್ಲಿ ಅಲಾರಂ ಹೊಡ್ಕೊಂಡು ಎದ್ದು ಹಲ್ಲುಜ್ಜಿ ಕನ್ನಡಿ ನೋಡ್ಕೊಳ್ಳೋ ಹುಡುಗರನ್ನ ನೋಡಿ ನೋಡಿ ನನಗೆ ಸಾಕಾಗಿದೆ, ಇಲ್ದಿದ್ರೆ ಸೈಕೋ ಕೊಲೆಗಾರ. ನಿಮ್ಮ ಕಡೆಯವರದ್ದು ಇನ್ನೊಂದು ಖಾಯಿಲೆ, ಮುಳ್ಳಯ್ಯನಗಿರಿ ಮೇಲೆ ಡ್ರೋನ್ ಹಾರಿಸಿ ಮಂಜು ತೋರ್ಸಿ ಫಿಲ್ಮ್ ಅನ್ನೋದು. ಮಂಜು ಚೆನ್ನಾಗಿರುತ್ತೆ, ಆದ್ರೆ ಮಂಜಿಗೆ ಏನೂ ಬೇಕಾಗಿರಲ್ಲ. ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಬಸ್ ಕಾಯ್ತಾ ನೀರುದೋಸೆ ತಿನ್ನೋಕೆ ಟೈಮ್ ಇದೆಯೋ ಇಲ್ವೋ ಅಂತ ಗಡಿಬಿಡಿ ಮಾಡ್ತಿರೋನಿಗೆ ಏನೋ ಬೇಕಾಗಿರುತ್ತೆ. ಅವನಿಂದ ಶುರು ಮಾಡು. ಐದು ನಿಮಿಷ, ಇಬ್ಬರು ಆರ್ಟಿಸ್ಟ್, ಒಂದು ಜಾಗ, ಸಾಕು.

ಫಿಲ್ಮ್ ತೋರಿಸುವಾಗ ಮುಂಚೆ ಎದ್ದು ನಿಂತು ಬಜೆಟ್ ಇರ್ಲಿಲ್ಲ, ಲೈಟ್ ಹೋಯ್ತು ಅಂತ ವಿವರಣೆ ಕೊಡಬೇಡ. ಹಿಂದಿನ ಸಾಲಲ್ಲಿ ಕೂತು ಸ್ಕ್ರೀನ್ ನೋಡೋದು ಬಿಟ್ಟು ಜನರನ್ನ ನೋಡು. ಎಷ್ಟನೇ ನಿಮಿಷಕ್ಕೆ ಮೊದಲನೇ ಮೊಬೈಲ್ ಹೊರಗೆ ಬಂತು ಅಂತ ಬರ್ಕೋ. ಆಮೇಲೆ ಅವರು ಬಾಯಲ್ಲಿ ಹೇಳೋದಕ್ಕಿಂತ ಅದು ಉಪಯೋಗ.

ರಾತ್ರಿ ಶೂಟಿಂಗ್ ಬಗ್ಗೆ ಅಪ್ಪನ ಭಯ ಸುಳ್ಳಲ್ಲ, ಹೆದರ್ಬೇಡಿ ಅಂತ ಬಾಯ್ಮಾತಲ್ಲಿ ಹೇಳಿದ್ರೆ ಹೋಗಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗೋ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾನೂನು ಇದೆ, ಹತ್ತು ಜನಕ್ಕಿಂತ ಕಡಿಮೆ ಕೆಲಸ ಮಾಡೋ ಕಡೆ ಬಿಟ್ರೆ ಉಳಿದೆಲ್ಲ ಕಡೆ ದೂರು ಕೇಳೋ ಆಂತರಿಕ ಸಮಿತಿ ಇರಲೇಬೇಕು, ವಿದ್ಯಾಸಂಸ್ಥೆಗಳಿಗೂ ಅನ್ವಯ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಅಡ್ಮಿಷನ್ ದಿನಾನೇ ಕೇಳು, ಅಪ್ಪನ ಎದುರಿಗೇ ಕೇಳು. ತಡವರಿಸಿದ್ರೆ ಅದೂ ಒಂದು ಉತ್ತರ. ಏನಾದ್ರೂ ಆದ್ರೆ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ಅವಕಾಶ ಕೊಡ್ತಾರೆ, ಫ್ರೆಂಡ್ಸ್ ಏನಂತಾರೋ ಅಂತ ನುಂಗ್ಕೋಬೇಡ. ದಿನದ ಲೆಕ್ಕಕ್ಕೆ ಬಂದ್ರೆ, ಕಾಲ್‌ಶೀಟ್ ಅಂತ ಆ ದಿನದ ಶೂಟಿಂಗ್ ವಿವರದ ಹಾಳೆ ಇರುತ್ತೆ, ಅದರಲ್ಲಿ ಲೊಕೇಷನ್, ಮುಗಿಯೋ ಟೈಮ್, ವಾಪಸ್ ಹೋಗೋ ಗಾಡಿ ಬರೆದಿರಬೇಕು, ಅದರ ಫೋಟೋ ಮನೆಗೆ ಕಳಿಸು, ಯೂನಿಟ್‌ನಲ್ಲಿ ಇನ್ನೊಬ್ಬ ಹುಡುಗಿ ಇರ್ಲಿ. ವಾಪಸ್ ಗಾಡಿ ಇಲ್ದಿದ್ರೆ ಬರಲ್ಲ ಅಂತ ಹೇಳೋಕೆ ಯಾವ ಸಂಕೋಚಾನೂ ಬೇಡ, ದೊಡ್ಡ ದೊಡ್ಡ ಯೂನಿಟ್‌ನಲ್ಲೂ ನಾವು ಹಾಗೇ ಹೇಳೋದು.

ಕೊನೆಗೆ ಏನು ತಗೊಂಡು ಹೋಗಬೇಕು ಅಂತ ಕೇಳಿದ್ಯ. ಎರಡು ಹಾರ್ಡ್ ಡಿಸ್ಕ್, ಒಂದಲ್ಲ, ಎರಡು. ನನ್ನ ಮೊದಲನೇ ವರ್ಷದ ಫಿಲ್ಮ್ ಇದ್ದ ಒಂದೇ ಒಂದು ಡಿಸ್ಕ್ ಹಾಸ್ಟೆಲ್ ಮಂಚದಿಂದ ಕೆಳಗೆ ಬಿತ್ತು, ಹನ್ನೊಂದು ದಿನದ ಶೂಟಿಂಗ್ ಹೋಯ್ತು, ಆರ್ಟಿಸ್ಟ್ ಅಷ್ಟೊತ್ತಿಗೆ ತಲೆ ಬೋಳಿಸ್ಕೊಂಡಿದ್ದ, ಮತ್ತೆ ತೆಗೆಯೋಕೂ ಆಗ್ಲಿಲ್ಲ. ಕಿವಿ ಪೂರ್ತಿ ಮುಚ್ಚೋ ಒಂದು ಹೆಡ್‌ಫೋನ್, ರಬ್ಬರ್ ಸೋಲ್ ಇರೋ ಶೂ, ಯಾಕಂದ್ರೆ ಸೆಟ್ ತುಂಬ ವೈರು, ಟಾರ್ಚು, ಗೀಟಿಲ್ಲದ ನೋಟ್‌ಬುಕ್. ಆ ಕ್ಯಾಮೆರಾ ಬೆಲೆಯ ಒಂದು ಪಾಲಿಗೆ ಸಣ್ಣ ಸೌಂಡ್ ರೆಕಾರ್ಡರ್ ಬರುತ್ತೆ, ಬೇಕಿದ್ರೆ ತಗೋ. ಇನ್ನೂ ಕ್ಲಾಸ್ ಶುರುವಾಗೋಕೆ ದಿನ ಇದೆಯಲ್ಲ, ಹೆಂಚಿನ ಮೇಲೆ ಬೀಳೋ ಮಳೆ, ಸಿಲ್ವರ್ ಮರದ ಗಾಳಿ, ಅಮ್ಮ ಒಲೆ ಊದೋದು, ರಾತ್ರಿ ಜೀರುಂಡೆ, ಒಂದೊಂದನ್ನೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿ ಹೆಸರು ಬರೆದು ಇಟ್ಕೋ. ಬೆಂಗಳೂರಲ್ಲಿ ಎಡಿಟ್‌ಗೆ ಕೂತಾಗ ಆ ಮಳೆ ಶಬ್ದ ಇಂಟರ್ನೆಟ್‌ನಲ್ಲಿ ಹುಡುಕಿದ್ರೂ ಸಿಗಲ್ಲ, ಅಲ್ಲಿರೋದೆಲ್ಲ ಬೇರೆ ದೇಶದ ಮಳೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ಶಬ್ದ ಈಗ ಆಗಲ್ಲ, ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿಗೆ ಊರಿಗೆ ಬರ್ತೀಯಲ್ಲ, ಆಗ ಮಾಡ್ಕೋ, ನನಗೂ ಒಂದು ಕಾಪಿ ಕಳಿಸು, ನಾನು ಕಟ್ ಮಾಡ್ತಿರೋ ಒಂದು ಸೀನ್‌ಗೆ ಬೇಕಿತ್ತು.